ನಮಗೂ ಬಂದಿತೊಂದು ಪ್ರಶಸ್ತಿ

ಪ್ರಶಸ್ತಿ ಪಡೆದವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಒಂದು, ‘ಇದಕ್ಕೆ ನಾನು ಅರ್ಹನಲ್ಲ’. ಇನ್ನೊಂದು, ‘ಆದರೂ ನಿಮ್ಮ ಪ್ರೀತಿಗೆ ಕಟ್ಟುಬಿದ್ದು ಸ್ವೀಕರಿಸಿದ್ದೇನೆ’. ಮೊದಲನೆಯದನ್ನು ಕೇಳುವವರು ನಂಬುವುದಿಲ್ಲ, ಎರಡನೆಯದನ್ನು ಹೇಳುವವರೇ ನಂಬುವುದಿಲ್ಲ. 2022ರಲ್ಲಿ ಚಿಕ್ಕಮಗಳೂರಿನ ಒಂದು ಸಭಾಭವನದಲ್ಲಿ ನಾವೂ ಈ ಎರಡು ಮಾತುಗಳನ್ನು ಆಡಿ ಬಂದೆವು. ಮೊದಲನೆಯ ಮಾತು ಅಕ್ಷರಶಃ ಸತ್ಯವೆಂಬುದು ಆ ಸಭೆಯಲ್ಲಿದ್ದ ಒಬ್ಬರಿಗೆ ಮಾತ್ರ ಗೊತ್ತಿತ್ತು. ಅವರು ಮೂರನೆಯ ಸಾಲಿನಲ್ಲಿ ಸೆರಗು ಹೊದ್ದು ಕುಳಿತಿದ್ದ ನಮ್ಮ ಶ್ರೀಮತಿಯವರು.

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆಯಿಂದ ಎರಡು ಮೈಲಿ ಒಳಕ್ಕೆ ಸರಿದರೆ ನಮ್ಮ ತೋಟ. ಹದಿನಾಲ್ಕು ಎಕರೆ. ನೂರಾರು ಎಕರೆಯ ಎಸ್ಟೇಟುಗಳ ನಡುವೆ ಇಷ್ಟನ್ನು ತೋಟವೆಂದು ಹೇಳಿಕೊಳ್ಳಲು ಧೈರ್ಯ ಬೇಕು. ಹಿತ್ತಿಲೆಂದು ಹೇಳಲು ವಿನಯ ಬೇಕು. ಎದುರಿಗಿರುವವರನ್ನು ನೋಡಿಕೊಂಡು ನಾವು ಎರಡನ್ನೂ ಹೇಳುತ್ತೇವೆ. ಗಿಡಗಳಲ್ಲಿ ಬಹುಪಾಲು ನಮ್ಮ ತಂದೆಯವರು ನೆಟ್ಟ ಎಸ್. 795 ತಳಿಯವು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಸಿದ್ಧವಾಗಿ 1940ರ ದಶಕದಲ್ಲಿ ಬೆಳೆಗಾರರ ಕೈಸೇರಿದ ತಳಿ ಅದು. ಬಾಳೆಹೊನ್ನೂರೆಂದರೆ ಈ ಪತ್ರಿಕೆಯ ಓದುಗರಿಗೆ ಮೊದಲು ನೆನಪಾಗುವುದು ಶ್ರೀ ರಂಭಾಪುರಿ ಪೀಠ. ತಂದೆಯವರು ಪೀಠದ ದರ್ಶನಕ್ಕೆಂದು ಹೊರಟವರು ಹಿಂದಿರುಗುವಾಗ ಕಾಫಿ ಬೀಜದ ಚೀಲವನ್ನೂ ಹೊತ್ತು ತರುತ್ತಿದ್ದರು. ಯಾವುದು ಉದ್ದೇಶ, ಯಾವುದು ನೆಪ ಎಂಬುದನ್ನು ನಮ್ಮ ತಾಯಿಯವರು ಕೊನೆಯವರೆಗೂ ಕೇಳಲಿಲ್ಲ.

ಪ್ರಶಸ್ತಿಯ ಸುದ್ದಿ ಬಂದದ್ದು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಮಗನಿಂದ. ಅವನು ಜನವರಿಯಲ್ಲಿ ಊರಿಗೆ ಬಂದಿದ್ದಾಗ ಉಗ್ರಾಣದಿಂದ ಎರಡು ಕಿಲೋ ಬೀಜವನ್ನು ತುಂಬಿಕೊಂಡು ಹೋಗಿದ್ದ. ಗೆಳೆಯರಿಗೆ ಕೊಡಲೆಂದು ನಾವು ತಿಳಿದಿದ್ದೆವು. ಅವನು ಅದನ್ನು ಬೆಳೆಗಾರರ ಸಂಘವೊಂದು ನಡೆಸಿದ ರುಚಿಯ ಸ್ಪರ್ಧೆಗೆ ಕಳುಹಿಸಿದ್ದ.

“ಅಪ್ಪಾಜಿ, ನಮ್ಮ ಕಾಫಿಗೆ ಮೊದಲನೇ ಬಹುಮಾನ!”

“ಯಾವ ಕಾಫಿಗೆ?”

“ಉಗ್ರಾಣದ ಬಾಗಿಲ ಪಕ್ಕದಲ್ಲಿ ಒಂದೇ ಮೂಟೆ ಇತ್ತಲ್ಲ, ಅದು.”

ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆನಂದದಿಂದ ಗಂಟಲು ಕಟ್ಟಿತೆಂದು ಅವನು ಭಾವಿಸಿರಬೇಕು. ಆ ಮೂಟೆಯ ವಿಚಾರಕ್ಕೆ ಆಮೇಲೆ ಬರುತ್ತೇವೆ.

ಸ್ಪರ್ಧೆ ದೊಡ್ಡದೇನಲ್ಲ. ಕಾಫಿ ಮಂಡಳಿಯವರು 2002ರಲ್ಲಿ ಆರಂಭಿಸಿದ ‘ಫ್ಲೇವರ್ ಆಫ್ ಇಂಡಿಯಾ – ಫೈನ್ ಕಪ್’ ಪ್ರಶಸ್ತಿಯ ಮುಂದೆ ನಮ್ಮದು ಜಾತ್ರೆಯ ಮುಂದೆ ಸಂತೆಯಿದ್ದ ಹಾಗೆ. ಬಂದಿದ್ದ ಮಾದರಿಗಳು ಇಪ್ಪತ್ತೊಂದು. ಬಂಧುಗಳಿಗೆ ಫೋನು ಮಾಡಿ ಹೇಳುವಾಗ ‘ಮೊದಲನೆಯ ಸ್ಥಾನ’ ಎಂಬುದನ್ನು ಎರಡು ಸಲ ಹೇಳಿದೆವು, ಇಪ್ಪತ್ತೊಂದೆಂಬುದನ್ನು ಕೇಳಿದವರಿಗೆ ಮಾತ್ರ ಹೇಳಿದೆವು. ಯಾರೂ ಕೇಳಲಿಲ್ಲ.

ರುಚಿ ನೋಡುವ ಕ್ರಮವನ್ನು ಬಹಳ ಮಂದಿ ಕಂಡಿರಲಾರರು. ಬೀಜವನ್ನು ಕಪ್ಪಾಗದಂತೆ ಹದವಾಗಿ ಹುರಿದು, ತರಿಯಾಗಿ ಪುಡಿಮಾಡಿ, ಸಾಲಾಗಿಟ್ಟ ಬಟ್ಟಲುಗಳಿಗೆ ಹಾಕಿ ಬಿಸಿನೀರು ಸುರಿಯುತ್ತಾರೆ. ಹಾಲಿಲ್ಲ, ಸಕ್ಕರೆಯಿಲ್ಲ. ನಾಲ್ಕು ನಿಮಿಷ ಬಿಟ್ಟು, ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆದು, ಮೂಗನ್ನು ಬಟ್ಟಲಿಗೇ ಇಳಿಸಿ ವಾಸನೆ ಹಿಡಿಯುತ್ತಾರೆ. ಬಳಿಕ ಚಮಚದಲ್ಲಿ ತೆಗೆದು ‘ಸುರ್ರ್’ ಎಂದು ಸದ್ದಾಗುವಂತೆ ಹೀರಿ, ಬಾಯೊಳಗೆಲ್ಲ ಆಡಿಸಿ, ಉಗುಳುತ್ತಾರೆ. ಹಾಗೆ ಸದ್ದು ಮಾಡಿ ಕುಡಿದರೆ ನಮ್ಮ ತಾಯಿಯವರು ತಲೆಗೆ ಮೊಟಕುತ್ತಿದ್ದರು. ಇವರಿಗೆ ಅದಕ್ಕೇ ಸಂಬಳ. ನೂರಕ್ಕೆ ಎಂಬತ್ತು ದಾಟಿದರೆ ವಿಶೇಷ ದರ್ಜೆ. ನಮ್ಮ ಬೀಜಕ್ಕೆ 84 ಬಂದಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ನಮಗೆ ಗಣಿತಕ್ಕೆ ಬಂದದ್ದು ಇದರ ಅರ್ಧಕ್ಕೂ ಕಡಿಮೆ. ಆ ಲೆಕ್ಕದಲ್ಲಿ ನೋಡಿದರೆ ನಮ್ಮ ಕಾಫಿ ನಮಗಿಂತ ಬುದ್ಧಿವಂತ.

ಇನ್ನೊಂದು ಗುಟ್ಟನ್ನೂ ಹೇಳಿಬಿಡಬೇಕು. ನಮ್ಮ ಮನೆಯಲ್ಲಿ ಒಳ್ಳೆಯ ಕಾಫಿ ಕುಡಿಯುವ ಪದ್ಧತಿಯೇ ಇಲ್ಲ. ಒಳ್ಳೆಯ ಬೀಜವೆಲ್ಲ ಕ್ಯೂರಿಂಗಿಗೆ ಹೋಗುತ್ತದೆ. ಮನೆಗೆ ಉಳಿಯುವುದು ನೆಲಕ್ಕೆ ಬಿದ್ದ ಹಣ್ಣಿನದು, ತೊಟ್ಟಿಯಲ್ಲಿ ತೇಲಿದ ಜೊಳ್ಳು, ಒಡಕು, ಕರಕಲು. ಅದನ್ನೇ ಬಾಣಲೆಯಲ್ಲಿ ಹೊಗೆಯೇಳುವಂತೆ ಹುರಿದು, ಧಾರಾಳವಾಗಿ ಚಿಕೋರಿ ಬೆರೆಸಿ, ಹಾಲು ಬೆಲ್ಲ ಹಾಕಿದರೆ ಅದೇ ಕಾಫಿ. ಕುಂಬಾರರ ಮನೆಯಲ್ಲಿ ಅನ್ನ ಬೇಯುವುದು ಬಿರುಕು ಮಡಕೆಯಲ್ಲಿ. ಮೂರು ತಲೆಮಾರು ಕಾಫಿ ಬೆಳೆದ ನಮಗೆ ನಮ್ಮ ಕಾಫಿಯ ರುಚಿ ಏನೆಂಬುದು ಪ್ರಶಸ್ತಿ ಬರುವವರೆಗೆ ತಿಳಿದಿರಲಿಲ್ಲ.

ತಂದೆಯವರಿಗಂತೂ ತಿಳಿಯುವ ಉಪಾಯವೇ ಇರಲಿಲ್ಲ. ಅವರ ಕಾಲ ‘ಪೂಲ್’ ಪದ್ಧತಿಯ ಕಾಲ. 1942ರ ಕಾಯಿದೆಯ ಪ್ರಕಾರ ಬೆಳೆದುದನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸಬೇಕು. ಮಂಡಳಿ ದರ್ಜೆಯ ಪ್ರಕಾರ ವಿಂಗಡಿಸಿ ಒಟ್ಟಿಗೆ ಸೇರಿಸಿ ಹರಾಜು ಮಾಡುವುದು. ಹಣ ಕಂತುಕಂತಾಗಿ ಬರುವುದು. ಕಷ್ಟಪಟ್ಟು ಹಣ್ಣಾರಿಸಿದವನ ಬೀಜವೂ ಕಾಯಿ ಸವರಿದವನ ಬೀಜವೂ ಒಂದೇ ಗುಡ್ಡೆಗೆ ಬೀಳುತ್ತಿದ್ದವು. ತೋಟದ ಹೆಸರು ಉಗ್ರಾಣದ ಬಾಗಿಲಲ್ಲೇ ಕಳಚಿಹೋಗುತ್ತಿತ್ತು. 1990ರ ದಶಕದ ಆರಂಭದಲ್ಲಿ ಈ ಕಟ್ಟು ಸಡಿಲಗೊಂಡು 1996ರಲ್ಲಿ ಪೂರ್ತಿಯಾಗಿ ಬಿಚ್ಚಿತು. ಬೆಲೆ ಕುಸಿದಾಗ ಪೂಲ್ ಇದ್ದಿದ್ದರೆ ಎಂದು ಹಲುಬಿದವರಲ್ಲಿ ನಾವೂ ಇದ್ದೇವೆ. ಆದರೆ ತೋಟಕ್ಕೆ ಹೆಸರು ಬಂದದ್ದು ಆ ಮೇಲೆಯೇ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎಂದು ನಮ್ಮ ಬೆಟ್ಟಗಳ ಹೆಸರಿಗೇ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಬಾಬಾ ಬುಡನ್ ಅವರು ತಂದರೆಂದು ಪ್ರತೀತಿಯಿರುವ ಏಳು ಬೀಜಗಳಿಂದ ಲೆಕ್ಕ ಹಿಡಿದರೆ ಹೆಸರು ಬರಲು ಮುನ್ನೂರು ವರ್ಷಕ್ಕೂ ಮಿಗಿಲಾಗಿ ಬೇಕಾಯಿತು.

ಸಮಾರಂಭಕ್ಕೆ ಮೂರು ವಾರವಿತ್ತು. ನಾವು ಭಾಷಣ ಬರೆಯಲು ಕುಳಿತೆವು. ಮೂಡಿಗೆರೆ ಸೀಮೆಯಲ್ಲಿ ಪ್ರಶಸ್ತಿ ಎಂದೊಡನೆ ಕಣ್ಣಿಗೆ ಕಟ್ಟುವವರು ಪೂರ್ಣಚಂದ್ರ ತೇಜಸ್ವಿಯವರು. ಕಾಫಿ ತೋಟ ಮಾಡಿಕೊಂಡು, ಕ್ಯಾಮೆರಾ, ಗಾಳ, ಸ್ಕೂಟರು ಇಟ್ಟುಕೊಂಡು ಇಲ್ಲಿಯೇ ಬದುಕಿದ ಅವರಿಗೆ ‘ಚಿದಂಬರ ರಹಸ್ಯ’ಕ್ಕಾಗಿ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಆ ಕಾದಂಬರಿಯಲ್ಲಿ ಏಲಕ್ಕಿ ಬೆಳೆಯ ಸಂಶೋಧನೆಯ ಪ್ರಸಂಗವೇ ಮುಖ್ಯ. ಬೆಳೆಗಾರರಾದ ನಮಗೆ ನಗುವೂ ಬರುತ್ತದೆ, ಒಳಗೆಲ್ಲೋ ಚುರುಕೂ ಮುಟ್ಟುತ್ತದೆ. ಸಭೆ ಸನ್ಮಾನಗಳೆಂದರೆ ಅವರು ದೂರ ಸರಿಯುವವರು. ಅವರಂತೆಯೇ ನಾವೂ ದೂರ ಸರಿದರೆ ಹೇಗೆ ಎಂದು ಒಂದು ಸಂಜೆ ಯೋಚಿಸಿದೆವು. ಆದರೆ ಅವರು ಬಾರದಿದ್ದರೆ ನಾಡೇ ಗಮನಿಸುತ್ತಿತ್ತು. ನಾವು ಬಾರದಿದ್ದರೆ ಊಟದ ಎಲೆಯೊಂದು ಉಳಿಯುತ್ತಿತ್ತು, ಅಷ್ಟೆ.

ಇನ್ನೊಂದು ಚಿತ್ರ ನಮ್ಮ ಮನೆಯ ಗೋಡೆಯ ಮೇಲೆಯೇ ಇದೆ: ಫ. ಗು. ಹಳಕಟ್ಟಿಯವರದು. ಮನೆಮನೆಯ ಜಗುಲಿಯಲ್ಲಿ ಮಸಿಹಿಡಿದ ತಾಳೆಗರಿಗಳಿಂದ ವಚನಗಳನ್ನು ಹೆಕ್ಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದು, ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೂ ಮಾರಿ, 1926ರಿಂದ ‘ಶಿವಾನುಭವ’ ಪತ್ರಿಕೆ ನಡೆಸಿದ ಮಹನೀಯರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅವರ ಹರಿದ ಕೋಟಿನ ಕಥೆಯನ್ನು ನಮ್ಮ ಹಿರಿಯರು ಕಣ್ಣೊರೆಸಿಕೊಂಡು ಹೇಳುತ್ತಿದ್ದರು. ಆ ಚಿತ್ರದ ಕೆಳಗೇ ಕುಳಿತು ನಾವು ಚಿಕ್ಕಮಗಳೂರಿನ ದರ್ಜಿಗೆ ಫೋನು ಮಾಡಿ ಹೊಸ ಕೋಟಿನ ಅಳತೆಯ ವಿಚಾರ ಮಾತಾಡಿದೆವು. ಹಳೆಯ ಕೋಟಿನ ಗುಂಡಿ ಹೊಟ್ಟೆಯ ಮೇಲೆ ಸೇರುತ್ತಿರಲಿಲ್ಲ ಎಂಬುದು ನಮ್ಮ ಸಮರ್ಥನೆ.

ಸಮಾರಂಭದ ದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಮೂರು ಬೆರಳಿನ ವಿಭೂತಿ ಎದ್ದು ಕಾಣುವಂತೆ ಧರಿಸಿ ಹೊರಟೆವು. ವೇದಿಕೆಯಲ್ಲಿ ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ಸೇಬು ಕಿತ್ತಳೆಗಳ ಬುಟ್ಟಿ ಕೈಗಿತ್ತರು. ಕಾಫಿ ಹಣ್ಣಿನ ಪ್ರಶಸ್ತಿಗೆ ಕಾಶ್ಮೀರದ ಹಣ್ಣು. ಕೊನೆಗೆ ಮೈಸೂರು ಪೇಟ. ಅದು ಯಾವ ತಲೆಯ ಅಳತೆಗೆ ಕಟ್ಟಿದ್ದೋ, ನಮ್ಮ ತಲೆಗೆ ಇಟ್ಟೊಡನೆ ಕಿವಿಯ ಮೇಲೆ ಬಂದು ಕುಳಿತಿತು. ವಿಭೂತಿ ಪೇಟದ ಒಳಕ್ಕೆ ಹೋಯಿತು, ಕನ್ನಡಕ ಮೂಗಿನ ತುದಿಗೆ ಬಂದಿತು. ಹಿಂದಿನಿಂದ ಯಾರೋ ದಯಾಳುಗಳು ಅದನ್ನು ಬಿಗಿಗೊಳಿಸಲು ಗುಂಡುಸೂಜಿಯೊಂದನ್ನು ಚುಚ್ಚಿದರು. ಹೊಗಳಿಕೆಯನ್ನು ಬಸವಣ್ಣನವರು ಶೂಲಕ್ಕೆ ಹೋಲಿಸಿದ್ದಾರೆಂಬುದು ಶರಣಬಂಧುಗಳಿಗೆಲ್ಲ ಗೊತ್ತು. ನಮ್ಮ ಯೋಗ್ಯತೆಗೆ ಗುಂಡುಸೂಜಿಯೇ ಸಾಕಾಯಿತು. ಪರಿಚಯ ಮಾಡಿಕೊಟ್ಟವರು ನಮ್ಮನ್ನು ‘ಕಾಫಿಯೊಡನೆ ಮಾತಾಡುವ ಋಷಿ’ ಎಂದು ಬಣ್ಣಿಸಿದಾಗ ತಲೆಯನ್ನು ವಿನಯದಿಂದ ಬಾಗಿಸಲೂ ಆಗದೆ ಎತ್ತಲೂ ಆಗದೆ ಹಾಗೆಯೇ ಕುಳಿತೆವು. ಛಾಯಾಚಿತ್ರದಲ್ಲಿ ಅದು ಗಾಂಭೀರ್ಯದಂತೆ ಕಾಣುತ್ತದೆ.

ರುಚಿ ನೋಡಿದ ತಜ್ಞರೂ ವೇದಿಕೆಯಲ್ಲಿದ್ದರು. ವಯಸ್ಸಿನಲ್ಲಿ ನಮ್ಮ ಮಗನಿಗಿಂತ ಕಿರಿಯರು. “ನಿಮ್ಮ ಕಾಫಿಯಲ್ಲಿ ನಿಮಗೆ ಬಹಳ ಮೆಚ್ಚಿಗೆಯಾಗುವ ಗುಣ ಯಾವುದು, ಸರ್?” ಎಂದು ಮೆಲ್ಲಗೆ ಕೇಳಿದರು. “ಬಿಸಿಯಾಗಿರಬೇಕು,” ಎಂದೆವು. ಅವರು ನಕ್ಕರು. ಹಾಸ್ಯವೆಂದು ತಿಳಿದರು. ಆಮೇಲೆ ಅವರೇ ಹೇಳಿದರು: “ಒಂದು ಬಟ್ಟಲಿನಲ್ಲಿಯೂ ಕಾಯಿಯ ಒಗರು ಇಲ್ಲ, ಕೊಳೆತ ಹಣ್ಣಿನ ನಾತ ಇಲ್ಲ. ಅಂಥ ಮಳೆಯ ವರ್ಷದಲ್ಲಿ ಹೇಗೆ ಸಾಧ್ಯವಾಯಿತು?”

ಭಾಷಣದಲ್ಲಿ ಅದನ್ನೇ ವಿವರಿಸಿದೆವು. ನಾಲ್ಕು ಹಾಳೆಯ ಭಾಷಣ. ತಂದೆಯವರನ್ನು ನೆನೆದೆವು, ಬಾಳೆಹೊನ್ನೂರಿನ ವಿಜ್ಞಾನಿಗಳನ್ನು ನೆನೆದೆವು, ಕಾಯಕವೇ ಕೈಲಾಸವೆಂದೆವು. ಮೂರನೆಯ ಹಾಳೆಯಲ್ಲಿ ಒಂದು ವಾಕ್ಯವಿತ್ತು: ‘2021ರ ನವೆಂಬರಿನ ಆ ಭೀಕರ ಮಳೆಯಲ್ಲಿಯೂ ನಾವು ಒಂದೊಂದೇ ಹಣ್ಣನ್ನು ಆರಿಸಿ ಕೊಯ್ದೆವು.’ ಇಲ್ಲಿ ಚಪ್ಪಾಳೆ ಬಂದಿತು. ಮೂರನೆಯ ಸಾಲಿನ ಕಡೆ ನೋಡಿದೆವು. ಶ್ರೀಮತಿಯವರು ಕೈಚೀಲದಲ್ಲಿ ಏನನ್ನೋ ಹುಡುಕುತ್ತಿದ್ದರು.

ಹಿಂದಿರುಗುವಾಗ ಆಲ್ದೂರು ದಾಟಿದರೂ ಅವರು ಮಾತಾಡಲಿಲ್ಲ. ಹ್ಯಾಂಡ್‌ಪೋಸ್ಟ್ ಬಂದಾಗ, ರಸ್ತೆಯನ್ನೇ ನೋಡುತ್ತಾ ಕೇಳಿದರು:

“ಆ ‘ನಾವು’ ಅಂದ್ರಲ್ಲ, ಯಾರದು?”

ನಾವು ಉತ್ತರ ಕೊಡಲಿಲ್ಲ. ಕನ್ನಡದಲ್ಲಿ ‘ನಾವು’ ಎಂಬುದು ಬಹಳ ಅನುಕೂಲದ ಶಬ್ದ. ಕೆಲಸ ಮಾಡಿದವರು, ಮಾಡಿಸಿದವರು, ಅಡ್ಡಬಂದವರು ಎಲ್ಲರೂ ಅದರೊಳಗೆ ಹಿಡಿಸುತ್ತಾರೆ. ಈ ಲೇಖನದಲ್ಲಿಯೂ ನಾವು ಅದನ್ನೇ ಬಳಸುತ್ತಿದ್ದೇವೆ. ಐವತ್ತು ವರ್ಷದ ರೂಢಿ, ಬಿಡದು.

ಈಗ ಆ ಮೂಟೆಯ ವಿಚಾರ. 2021ರ ನವೆಂಬರಿನಲ್ಲಿ ಮಳೆ ನಿಲ್ಲಲೇ ಇಲ್ಲ. ಅರೇಬಿಕಾ ಹಣ್ಣಾಗುವ ಕಾಲ. ಹಣ್ಣು ನೀರು ಕುಡಿದು ಬಿರಿದು ನೆಲಕ್ಕೆ ಉದುರುತ್ತಿತ್ತು, ಕಣದ ತುಂಬ ನೀರು, ಆಳುಗಳ ಅಭಾವ ಬೇರೆ. ಕಂಗಾಲಾದ ನಾವು ಕಾಯಿ ಹಣ್ಣು ನೋಡದೆ ಗಿಡ ಸವರಿ ಕಿತ್ತುಬಿಡಿ ಎಂದು ಅಪ್ಪಣೆ ಕೊಟ್ಟೆವು. ದಿನದ ಹಾಜರಿ ಕೂಲಿಯನ್ನು ನಿಲ್ಲಿಸಿ ಕಿಲೋಗೆ ಐದು ರೂಪಾಯಿಯಂತೆ ತೂಕದ ಲೆಕ್ಕ ಹಾಕಿದೆವು. ತೂಕದ ಲೆಕ್ಕವೆಂದರೆ ಕೈ ತಾನೇ ಬೀಸಾಗುತ್ತದೆ. ನಲವತ್ತು ಕಿಲೋ ಕೊಯ್ಯುವವರು ತೊಂಬತ್ತು ಕೊಯ್ದರು.

ನಮ್ಮ ತೋಟದಲ್ಲಿ ಎಲ್ಲರೂ ದೊಡ್ಡಕ್ಕ ಎಂದೇ ಕರೆಯುವ ಹಿರಿಯ ಹೆಣ್ಣುಮಗಳೊಬ್ಬರಿದ್ದರು. ಕಡೂರಿನ ಬಯಲಿನಿಂದ ಮದುವೆಯಾಗಿ ಬಂದು ಮೂವತ್ತೈದು ವರ್ಷ ನಮ್ಮ ಲೈನಿನಲ್ಲಿಯೇ ಸಂಸಾರ ಮಾಡಿದವರು. ಮೊದಲ ದಿನದ ಸಂಜೆ ಅವರ ಚೀಲ ತಕ್ಕಡಿಗೆ ಬಂದಿತು: ಮೂವತ್ತೆಂಟು ಕಿಲೋ. ಎರಡನೆಯ ದಿನವೂ ಅಷ್ಟೆ. ಮೂರನೆಯ ದಿನ ನಮ್ಮ ತಾಳ್ಮೆ ತಪ್ಪಿತು.

“ಇದೇನು ದೊಡ್ಡಕ್ಕ, ಪೂಜೆಗೆ ಹೂ ಬಿಡಿಸ್ತಾ ಇದೀಯಾ?”

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಆಕೆ ನಗಲಿಲ್ಲ.

“ಕಾಯಿ ಕಿತ್ರೆ ಗಿಡ ಬೈತದೆ ಸಾವ್ಕಾರ್ರೇ.”

“ಗಿಡ ಬೈದ್ರೆ ನಾನು ಬೈಸ್ಕೋತೀನಿ. ನೀನು ತೂಕ ತಾ.”

ಆಕೆ ತೂಕ ತರಲಿಲ್ಲ. ಕೆಂಪಗೆ ಮಾಗಿದ, ಬಿರುಕು ಬಿಡದ ಹಣ್ಣನ್ನೇ ತಂದರು. ಸಾವಧಾನವಾಗಿ ಕೊಯ್ಯುವುದರಿಂದ ತೋಟದಿಂದ ಬರುವಾಗ ತಡವಾಗುತ್ತಿತ್ತು. ಅಷ್ಟರಲ್ಲಿ ಎಲ್ಲರ ಹಣ್ಣೂ ಪಲ್ಪರಿಗೆ ಬಿದ್ದು ಯಂತ್ರ ನಿಂತಿರುತ್ತಿತ್ತು. ಇಷ್ಟು ಹಣ್ಣಿಗಾಗಿ ಮತ್ತೆ ಡೀಸೆಲ್ ಸುಡುವುದಿಲ್ಲವೆಂದು ನಾವು ಒಳಕ್ಕೆ ಹೋಗುತ್ತಿದ್ದೆವು. ಶ್ರೀಮತಿಯವರು ಅದನ್ನು ಬಚ್ಚಲುಮನೆಯ ಹಿಂದಿದ್ದ, ತಂದೆಯವರ ಕಾಲದ ಕೈಪಲ್ಪರಿನಲ್ಲಿ ಆಡಿಸುತ್ತಿದ್ದರಂತೆ. ತಿರುಗಿಸುವವರು ದೊಡ್ಡಕ್ಕ, ಹಣ್ಣು ಸುರಿಯುವವರು ಇವರು. ಬೀಜ ನೀಲಿ ಡ್ರಮ್ಮಿನಲ್ಲಿ ಒಂದೂವರೆ ದಿನ ಹುದುಗಿ ಲೋಳೆ ಬಿಟ್ಟ ಮೇಲೆ ತೊಳೆದು, ಕಣ ಒದ್ದೆಯಾದ್ದರಿಂದ ಅಟ್ಟದ ಮೇಲೆ ಬಿದಿರಿನ ತಟ್ಟಿ ಹಾಸಿ ಒಣಗಿಸಿದರು. ಗಂಟೆಗೊಮ್ಮೆ ಕೈಯಾಡಿಸಬೇಕು, ಇಲ್ಲದಿದ್ದರೆ ಮುಗ್ಗುತ್ತದೆ. ಅಟ್ಟದ ಮೇಲೆ ಹೆಜ್ಜೆಸದ್ದು ಕೇಳಿದಾಗಲೆಲ್ಲ ನಾವು ಹೆಗ್ಗಣವೆಂದು ಬೈದುಕೊಂಡು ಮಗ್ಗುಲು ಬದಲಿಸುತ್ತಿದ್ದೆವು.

ನಮ್ಮ ಅಪ್ಪಣೆಯಂತೆ ಕಿತ್ತ ಬೆಳೆಯೆಲ್ಲ ಕಣದಲ್ಲಿ ಮುಗ್ಗಿ, ಕೊಂಡವರು ಮೂಸಿ ನೋಡಿ ಮುಖ ತಿರುಗಿಸಿ, ಸಿಕ್ಕಿದ ಬೆಲೆಗೆ ಹೋಯಿತು. ಅಟ್ಟದಿಂದಿಳಿದದ್ದು ಒಂದು ಮೂಟೆ. ಅದನ್ನು ಉಗ್ರಾಣದ ಬಾಗಿಲ ಪಕ್ಕದಲ್ಲಿ ಇರಿಸಿದ್ದರು. ಮಗನ ಕೈ ಹೋದದ್ದು ಅದಕ್ಕೆ. ಅರ್ಜಿಯಲ್ಲಿ ಬೆಳೆಗಾರರ ಹೆಸರೆಂಬ ಒಂದೇ ಖಾನೆಯಿತ್ತು.

ಆ ಆರು ದಿನಕ್ಕೆ ದೊಡ್ಡಕ್ಕನಿಗೆ ಸಂದದ್ದು 1140 ರೂಪಾಯಿ. ಹಾಜರಿ ಲೆಕ್ಕದಲ್ಲಾಗಿದ್ದರೆ ದಿನಕ್ಕೆ 350ರಂತೆ 2100 ಆಗುತ್ತಿತ್ತು. ವ್ಯತ್ಯಾಸ 960. ಕೊಯ್ಲು ಮುಗಿದ ಮೇಲೆ ಆಕೆ ಕಳಸದ ಕಡೆ ಮಗಳ ಮನೆಗೆ ಹೋಗಿ ಬರುತ್ತೇನೆಂದು ಹೊರಟವರು ಹಿಂದಿರುಗಿರಲಿಲ್ಲ. ವಯಸ್ಸಾಯಿತು, ಮಗಳು ಬಿಟ್ಟಿರಲಿಕ್ಕಿಲ್ಲ ಎಂದು ನಾವು ಅಂದುಕೊಂಡಿದ್ದೆವು. ಅಂದುಕೊಳ್ಳುವುದು ಸುಲಭವಾಗಿತ್ತು.

ಮರುದಿನ ಸೋಮವಾರ. ನಮ್ಮ ಮನೆಯಲ್ಲಿ ಸೋಮವಾರ ಸಂಜೆ ಶರಣರ ಚರಿತ್ರೆಯನ್ನು ಸ್ವಲ್ಪ ಓದುವ ವಾಡಿಕೆ. ಓದುವ ಸರದಿ ಶ್ರೀಮತಿಯವರದು. ಅವರು ತೆಗೆದದ್ದು ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಪ್ರಸಂಗ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳುಹಿಸಿದ ಕಥೆ. ನೂರು ಸಲ ಕೇಳಿದ್ದು. ಓದಿ ಮುಗಿಸಿ ಪುಸ್ತಕ ಮುಚ್ಚಿ, ಅವರು ಅಡಿಗೆಮನೆಗೆ ಹೋದರು. ವ್ಯಾಖ್ಯಾನವೇನೂ ಮಾಡಲಿಲ್ಲ. ಪ್ರಶಸ್ತಿಯ ಫಲಕ ಎದುರಿಗೇ ಕಪಾಟಿನ ಮೇಲಿತ್ತು.

ಮುಂದಿನ ಭಾನುವಾರ ಕಳಸಕ್ಕೆ ಹೊರಟೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಹೇಮಾವತಿ ಹುಟ್ಟುವ ಜಾವಳಿಯ ಮೇಲೆ ಬಾಳೂರು ಕಡೆಯ ದಾರಿ ಹಿಡಿದೆವು. 2019ರ ಆಗಸ್ಟಿನ ಮಳೆಯಲ್ಲಿ ಗುಡ್ಡ ಜಾರಿದ ಗಾಯಗಳಲ್ಲಿ ಕೆಲವು ಇನ್ನೂ ಕೆಂಪಗೆ ಕಾಣುತ್ತಿದ್ದವು, ಕೆಲವಕ್ಕೆ ಹುಲ್ಲು ಹತ್ತಿತ್ತು. ದಾರಿಯುದ್ದಕ್ಕೂ ನಾವು ಇನ್ನೊಂದು ಭಾಷಣವನ್ನು ಮನಸ್ಸಿನಲ್ಲಿಯೇ ರಚಿಸುತ್ತಿದ್ದೆವು. ಇದು ಮೊದಲನೆಯದಕ್ಕಿಂತ ಚೆನ್ನಾಗಿತ್ತು. ‘ಈ ಪ್ರಶಸ್ತಿ ನಿಜವಾಗಿ ನಿನ್ನದು’ ಎಂಬಲ್ಲಿಗೆ ಬರುವಾಗ ನಮ್ಮ ಕಣ್ಣೇ ಸ್ವಲ್ಪ ತೇವವಾಯಿತು. ಕಳಸದಲ್ಲಿ ಕಳಸೇಶ್ವರನ ಗುಡಿಯ ಮೆಟ್ಟಿಲ ಬುಡದಲ್ಲಿ ಕೈಮುಗಿದು, ವಿಚಾರಿಸುತ್ತಾ ಭದ್ರೆಯ ಆಚೆಯ ಲೈನೊಂದಕ್ಕೆ ತಲುಪಿದೆವು.

ದೊಡ್ಡಕ್ಕ ಹೊರಗೆ ಕುಳಿತು ಮೊಮ್ಮಗಳ ತಲೆ ಬಾಚುತ್ತಿದ್ದರು. “ಅಯ್ಯೋ, ಅಮ್ಮೋರು!” ಎಂದು ಎದ್ದರು. ನಮ್ಮನ್ನೂ ನೋಡಿ, ಚಾಪೆ ಹಾಸಿದರು. ನಾವು ಶಾಲನ್ನೂ ಫಲಕವನ್ನೂ ಮುಂದಿಟ್ಟು ಭಾಷಣ ಆರಂಭಿಸಿದೆವು. ಶಾಲು ಮೊಮ್ಮಗಳ ಹೆಗಲಿಗೆ ಹೋಯಿತು. ಫಲಕವೆಂದರೆ ಮರದ ಪೀಠದ ಮೇಲೆ ಹಿತ್ತಾಳೆಯ ಕಾಫಿ ಬಟ್ಟಲು. ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತಳಕ್ಕೆ ಹೊಡೆದಿದ್ದ ಮೊಳೆಯನ್ನು ಬೆರಳಿನಿಂದ ಮುಟ್ಟಿ, “ಇದ್ರಲ್ಲಿ ಕುಡಿಯಕ್ಕಾಗಲ್ಲ ಅಲ್ವಾ?” ಎಂದರು. ನಮ್ಮ ಭಾಷಣ ಅಲ್ಲಿಗೇ ನಿಂತಿತು. ಅದನ್ನು ಮತ್ತೆ ನಮ್ಮ ಕಡೆಗೇ ಸರಿಸಿದರು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹೊಳೆಯ ಸದ್ದು ಕೇಳುತ್ತಿತ್ತು.

“ಸಾವ್ಕಾರ್ರೇ, ಒಂದ್ ಮಾತು. ಆ ಆರು ದಿನದ ಲೆಕ್ಕ ಏನಾಯ್ತು?”

ನಮ್ಮ ಬಳಿ ಅದಕ್ಕೆ ಹಾಳೆ ಇರಲಿಲ್ಲ. ಶ್ರೀಮತಿಯವರು ಕೈಚೀಲದಿಂದ ಲಕೋಟೆಯೊಂದನ್ನು ತೆಗೆದರು. ಸಭಾಭವನದ ಮೂರನೆಯ ಸಾಲಿನಲ್ಲಿ ಅವರು ಹುಡುಕುತ್ತಿದ್ದುದು ರೈಟರ ಪುಸ್ತಕದಿಂದ ತಾವು ಬರೆದುಕೊಂಡಿದ್ದ ಲೆಕ್ಕದ ಚೀಟಿಯನ್ನು ಎಂಬುದು ನಮಗೆ ತಿಳಿದದ್ದು ಆಗಲೇ. ದೊಡ್ಡಕ್ಕ ಎರಡು ಸಲ ಎಣಿಸಿದರು. ಒಂಬೈನೂರ ಅರವತ್ತು. ಸೆರಗಿನ ತುದಿಗೆ ಗಂಟು ಹಾಕಿಕೊಂಡರು. “ನಗಾಡಿದ್ದಕ್ಕೆ ಬೇಜಾರಾಗಿತ್ತು,” ಎಂದರು, ನಮ್ಮ ಕಡೆ ನೋಡದೆ. ನಾವು “ತಪ್ಪಾಯಿತು” ಎಂದೆವು. ಭಾಷಣದಲ್ಲಿ ಆ ಶಬ್ದವಿರಲಿಲ್ಲ.

ಆ ಮೂಟೆಯ ಬೀಜವನ್ನು ಮಗ ಬೆಂಗಳೂರಿನಲ್ಲಿ ಹುರಿಸಿ ಕಳುಹಿಸಿದ್ದ ಪುಡಿಯನ್ನು ಕಾಲು ಕಿಲೋ ಒಯ್ದಿದ್ದೆವು. ನಾವೂ ಅದನ್ನು ಕುಡಿದಿರಲಿಲ್ಲ. ಮಗಳು ಒಲೆ ಹೊತ್ತಿಸಿ, ಹೇಳಿದಂತೆ ಹಾಲು ಬೆಲ್ಲ ಹಾಕದೆ ಲೋಟಗಳಿಗೆ ಬಗ್ಗಿಸಿದಳು. ತಜ್ಞರು ಮಾಡಿದಂತೆ ‘ಸುರ್ರ್’ ಎಂದು ಹೀರಿದೆವು. ಶ್ರೀಮತಿಯವರು ಒಂದು ಗುಟುಕು ಕುಡಿದು ನಮ್ಮ ಮುಖ ನೋಡಿದರು. ದೊಡ್ಡಕ್ಕ ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದರು.

“ಹುಳಿ ಅಲ್ವಾ ಅಮ್ಮೋರೇ? ಇದಕ್ಕಾ ಪೇಟ ಕಟ್ಟಿದ್ದು?”

ಬೆಲ್ಲದ ಡಬ್ಬಿ ಬಂದಿತು. ಎಲ್ಲರೂ ಹಾಕಿಕೊಂಡೆವು, ಎರಡೆರಡು ಉಂಡೆ.

ಹೊರಡುವಾಗ ಮುಂದಿನ ಕೊಯ್ಲಿಗೆ ಬರುವಿರಾ ಎಂದು ಕೇಳಿದೆವು; ಆ ಹೊತ್ತಿಗೆ ನಮ್ಮ ಬಾಯಲ್ಲಿ ಆಕೆಗೆ ಬಹುವಚನ ತಾನಾಗಿ ಬಂದಿತ್ತು. ತೂಕದ ಲೆಕ್ಕಕ್ಕಾದರೆ ಬರುವುದಿಲ್ಲ ಎಂದರು. ಹಾಜರಿ ಕೂಲಿಗೇ ಎಂದೆವು. ಸಂಗತಿಯನ್ನೆಲ್ಲ ನಮ್ಮ ಸಮಾಜದ ಪತ್ರಿಕೆಗೆ ಬರೆದು, ಭಾಷಣದಲ್ಲಿ ಬಿಟ್ಟುಹೋದ ಹೆಸರನ್ನು ಅಲ್ಲಿ ಹಾಕಿಸುತ್ತೇವೆಂದೂ ಹೇಳಿದೆವು.

“ಪೇಪರಲ್ಲಿ ನನ್ ಹೆಸರು ಬೇಡ ಸಾವ್ಕಾರ್ರೇ,” ಎಂದರು ದೊಡ್ಡಕ್ಕ. “ಹಾಜರಿ ಕೂಲಿ ಅಂತ ರೈಟರ ಪುಸ್ತಕದಲ್ಲಿ ಬರೆಸಿ.”

ಬರೆಸಿದೆವು.